ಘಾತೀಯ ವಕ್ರರೇಖೆಯನ್ನು ದತ್ತಾಂಶಕ್ಕೆ ಹೊಂದಿಸುವ ಕ್ರಮ: ಒಂದು ವಿವೇಚನೆ

1. ಪ್ರಸ್ತಾವ

ತರ್ಕ, ವ್ಯಾಕರಣ, ಅಲಂಕಾರಗಳನ್ನು ಪಾಠಶಾಲೆಯಲ್ಲಿ ಓದಿ, ಮೂವತ್ತು ವರ್ಷ ಅವನ್ನೇ ಪಾಠ ಹೇಳಿಕೊಂಡು ಬಂದವನು ಗಣಕಯಂತ್ರದ ಲೆಕ್ಕವನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ವಾಚಕರಿಗೆ ಆಶ್ಚರ್ಯವುಂಟಾಗಬಹುದು. ಆದುದರಿಂದ ಕಾರಣವನ್ನು ಮೊದಲೇ ಅರಿಕೆಮಾಡುತ್ತೇನೆ. ಎರಡು ವರ್ಷಗಳ ಹಿಂದೆ ಒಂದು ಸಂಶೋಧನ ಪ್ರಬಂಧವು ಪರೀಕ್ಷೆಗಾಗಿ ನನ್ನ ಕೈಗೆ ಬಂದಿತು. ಎರಡು ಸೋದರನುಡಿಗಳ ಪದಸಂಪತ್ತನ್ನು ಹೋಲಿಸಿ ಬರೆದ ಪ್ರಬಂಧವದು. ಪದಗಳ ವಿವೇಚನೆಯು ಸೊಗಸಾಗಿಯೇ ಇದ್ದಿತು. ಆದರೆ ಕೊನೆಯ ಅಧ್ಯಾಯದಲ್ಲಿ ಒಂದು ಚಿತ್ರ. ಆ ಚಿತ್ರದಲ್ಲಿ ಎಡದಿಂದ ಬಲಕ್ಕೆ ಬಾಗಿ ಇಳಿಯುವ ಒಂದು ರೇಖೆ. ಅದರ ಕೆಳಗೆ, ಈ ಎರಡು ನುಡಿಗಳು ಸುಮಾರು 1180 ವರ್ಷಗಳ ಹಿಂದೆ ಬೇರ್ಪಟ್ಟುವೆಂದೂ, ಕಾಲವನ್ನು ತಂತ್ರಾಂಶದಿಂದ ಗಣಿಸಲಾಗಿದೆಯೆಂದೂ ಒಂದು ವಾಕ್ಯ. ಅದಕ್ಕೆ ಶಾಸನದ ಆಧಾರವಿಲ್ಲ, ಗ್ರಂಥದ ಆಧಾರವಿಲ್ಲ, ರೇಖೆಯೊಂದೇ ಆಧಾರ.

ಆ ವಾಕ್ಯವನ್ನು ಒಪ್ಪಲು ನನಗೆ ಆಧಾರವಿರಲಿಲ್ಲ, ತಳ್ಳಿಹಾಕಲೂ ಆಧಾರವಿರಲಿಲ್ಲ. ತಿಳಿಯದೆ ಒಪ್ಪಿದರೆ ಮುಂದೆ ಹತ್ತು ಜನ ಅದನ್ನೇ ಉದ್ಧರಿಸುವರು. ತಿಳಿಯದೆ ತಳ್ಳಿದರೆ ಒಬ್ಬ ತರುಣ ವಿದ್ವಾಂಸನಿಗೆ ಅನ್ಯಾಯವಾಗುವುದು. ಈ ಸಂಕಟದಿಂದ ಪಾರಾಗಲು ಗಣಿತಾಧ್ಯಾಪಕರಾದ ಮಿತ್ರರೊಬ್ಬರ ಬಳಿ ಕುಳಿತು, ಇಂತಹ ರೇಖೆಗಳನ್ನು ಎಳೆಯುವ ಬಗೆಯನ್ನು ಕೈಯಾರೆ ಕಲಿತೆನು. ಕಲಿತುದನ್ನು ನನ್ನಂತೆಯೇ ಸಾಹಿತ್ಯದ ಹಾದಿಯಿಂದ ಬಂದವರಿಗಾಗಿ ಇಲ್ಲಿ ವಿವರಿಸಲು ಉದ್ದೇಶಿಸಿದ್ದೇನೆ. ನಾನು ಪ್ರತಿಪಾದಿಸಬೇಕೆಂದಿರುವುದು ಒಂದೇ ಸಂಗತಿ: ರೇಖೆಯು ದತ್ತಾಂಶಕ್ಕೆ ಚೆನ್ನಾಗಿ ಹೊಂದಿಕೊಂಡಿತೆಂಬ ಮಾತ್ರಕ್ಕೆ ದತ್ತಾಂಶವಿಲ್ಲದ ಕಾಲಕ್ಕೆ ಅದು ಪ್ರಮಾಣವಾಗಲಾರದು.

2. ಗುಣೋತ್ತರ ವೃದ್ಧಿಯ ಸ್ವರೂಪ

ವೃದ್ಧಿಯು ಎರಡು ಬಗೆ. ಪ್ರತಿ ವರ್ಷವೂ ಒಂದೇ ಮೊತ್ತವು ಕೂಡುತ್ತ ಹೋಗುವುದು ಮೊದಲನೆಯದು. ಪ್ರತಿ ವರ್ಷವೂ ಆಗ ಇರುವುದರ ಒಂದೇ ಪಾಲು ಕೂಡುತ್ತ ಹೋಗುವುದು ಎರಡನೆಯದು. ಸರಳಬಡ್ಡಿಗೂ ಚಕ್ರಬಡ್ಡಿಗೂ ಇರುವ ಭೇದವೇ ಇದು. ಮೊದಲನೆಯದರಿಂದ ಸಮಾಂತರ ಶ್ರೇಢಿಯೂ ಎರಡನೆಯದರಿಂದ ಗುಣೋತ್ತರ ಶ್ರೇಢಿಯೂ ಹುಟ್ಟುತ್ತವೆ. ಇವು ನಮ್ಮವರಿಗೆ ಹೊಸತಲ್ಲ. ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿಯೂ, 12ನೆಯ ಶತಮಾನದ ಭಾಸ್ಕರಾಚಾರ್ಯನ ಲೀಲಾವತಿಯಲ್ಲಿಯೂ ಗುಣೋತ್ತರದ ವಿಧಿಗಳು ನಿರೂಪಿತವಾಗಿವೆ.

ಗುಣೋತ್ತರ ಶ್ರೇಢಿಯ ಪದಗಳನ್ನು ಬಿಂದುಗಳಾಗಿ ಇಟ್ಟು, ಅವುಗಳ ನಡುವಣ ಕಾಲವನ್ನೂ ತುಂಬುವಂತೆ ಎಳೆದ ಬಾಗುರೇಖೆಯೇ ಘಾತೀಯ ವಕ್ರರೇಖೆ. ಅದನ್ನು ನಿರ್ಣಯಿಸಲು ಎರಡು ಅಂಕಗಳು ಸಾಕು: ಗೊತ್ತಾದ ಒಂದು ಕಾಲದಲ್ಲಿದ್ದ ಮೊತ್ತವೊಂದು, ಬೆಳೆಯುವ ದರವೊಂದು. ದರವು ಋಣವಾದರೆ ವೃದ್ಧಿಗೆ ಬದಲು ಕ್ಷಯವಾಗುವುದು. ಇಂಗಾಲ-14 ಎಂಬ ವಿಕಿರಣಶೀಲ ದ್ರವ್ಯವು 5730 ವರ್ಷಗಳಲ್ಲಿ ಅರ್ಧವಾಗುತ್ತದೆ. ಇನ್ನೂ ಅಷ್ಟೇ ವರ್ಷ ಕಳೆದರೆ ಪೂರ್ತಿಯಾಗಿ ಮುಗಿಯದೆ ಕಾಲುಭಾಗವಾಗಿ ಉಳಿಯುತ್ತದೆ. ಎಷ್ಟು ಉಳಿದಿದೆಯೋ ಅದರದೇ ಒಂದು ನಿಯತವಾದ ಪಾಲು ನಶಿಸುವುದರಿಂದ ಹೀಗಾಗುತ್ತದೆ.

ಈ ಬಾಗನ್ನು ನೇರಗೊಳಿಸುವ ಉಪಾಯವೊಂದುಂಟು. ಮೂಡುಬಿದಿರೆಯಲ್ಲಿ ಹಳಗನ್ನಡ ಲಿಪಿಯ ತಾಳೆಯೋಲೆಗಳಲ್ಲಿ ಉಳಿದುಬಂದ ವೀರಸೇನಾಚಾರ್ಯರ ಧವಲಾ ಟೀಕೆಯಲ್ಲಿ ಅರ್ಧಚ್ಛೇದವೆಂಬ ಒಂದು ಪರಿಭಾಷೆಯಿದೆ. ಒಂದು ಸಂಖ್ಯೆಯನ್ನು ಎಷ್ಟು ಬಾರಿ ಅರ್ಧಿಸಿದರೆ ಒಂದು ಉಳಿಯುವುದೋ ಅಷ್ಟು ಅದರ ಅರ್ಧಚ್ಛೇದ. ಎಂಟರ ಅರ್ಧಚ್ಛೇದ ಮೂರು. ಮೂವತ್ತೆರಡರ ಅರ್ಧಚ್ಛೇದ ಐದು. 2, 4, 8, 16, 32 ಎಂಬ ಗುಣೋತ್ತರದ ಪದಗಳಿಗೆ ಅರ್ಧಚ್ಛೇದವನ್ನು ತೆಗೆದರೆ 1, 2, 3, 4, 5 ಎಂಬ ಸಮಾಂತರ ಶ್ರೇಢಿಯು ದೊರೆಯುತ್ತದೆ. ವಕ್ರವಾಗಿದ್ದುದು ಋಜುವಾಯಿತು. ಎರಡು ಸಂಖ್ಯೆಗಳ ಗುಣಲಬ್ಧದ ಅರ್ಧಚ್ಛೇದವು ಅವುಗಳ ಅರ್ಧಚ್ಛೇದಗಳ ಮೊತ್ತಕ್ಕೆ ಸಮವೆಂಬುದೂ ಆ ಟೀಕಾಕಾರರಿಗೆ ತಿಳಿದಿದ್ದಿತು. ಯೂರೋಪಿನಲ್ಲಿ 1614ರಲ್ಲಿ ನೇಪಿಯರನು ಪ್ರಕಟಿಸಿದ ಲಘುಗಣಕವು ಇದೇ ತತ್ತ್ವದ ವಿಸ್ತಾರವಾದ ರೂಪ. ಇಂದಿನ ಗಣಿತಜ್ಞರು ಎರಡಕ್ಕೆ ಬದಲು ಸುಮಾರು 2.718 ಎಂಬ ಅಂಕವನ್ನು ಆಧಾರವಾಗಿಟ್ಟುಕೊಳ್ಳುತ್ತಾರೆ, ತತ್ತ್ವದಲ್ಲಿ ಭೇದವಿಲ್ಲ.

3. ದೃಷ್ಟಾಂತಕ್ಕಾಗಿ ಒಂದು ದತ್ತಾಂಶ

ಉದಾಹರಣೆಯಿಲ್ಲದ ಲಕ್ಷಣವು ಮನಸ್ಸಿನಲ್ಲಿ ನಿಲ್ಲದು. ಆದಕಾರಣ ಎಲ್ಲರೂ ಪರೀಕ್ಷಿಸಿ ನೋಡಬಹುದಾದ ಒಂದು ದತ್ತಾಂಶವನ್ನು ತೆಗೆದುಕೊಳ್ಳೋಣ: ಜನಗಣತಿಯ ವರದಿಗಳಲ್ಲಿರುವ ಕರ್ನಾಟಕದ ಜನಸಂಖ್ಯೆ. ರಾಜ್ಯದ ಏಕೀಕರಣವಾದುದು 1956ರಲ್ಲಿ. ಆದುದರಿಂದ 1951ರ ಅಂಕವು ಅನಂತರದ ಗಡಿಗಳಿಗೆ ಅನುಗುಣವಾಗಿ ಸೇರಿಸಿದುದೆಂದು ತಿಳಿಯಬೇಕು.

1951: 1,94,01,956
1961: 2,35,86,772
1971: 2,92,99,014
1981: 3,71,35,714

ಇದರ ಮುಂದಣ ಗಣತಿಗಳೂ ನಮಗೆ ತಿಳಿದಿವೆ. ಆದರೆ ಅವನ್ನು ಬೇಕೆಂದೇ ಮುಚ್ಚಿಡೋಣ. 1982ರಲ್ಲಿ ಕುಳಿತ ಒಬ್ಬನು ಈ ನಾಲ್ಕು ಅಂಕಗಳಿಂದ 2011ರ ಜನಸಂಖ್ಯೆಯನ್ನು ಊಹಿಸಲು ಹೊರಟನೆಂದು ಭಾವಿಸಿ, ಅವನ ಹೆಜ್ಜೆಯನ್ನೇ ಅನುಸರಿಸೋಣ. ಅವನ ಊಹೆ ಎಷ್ಟರಮಟ್ಟಿಗೆ ನಿಜವಾಯಿತೆಂಬುದನ್ನು ಆಮೇಲೆ ನೋಡಬಹುದು.

4. ಹೊಂದಿಸುವ ಎರಡು ಮಾರ್ಗಗಳು

ಯಾವ ಘಾತೀಯ ರೇಖೆಯೂ ಈ ನಾಲ್ಕು ಬಿಂದುಗಳ ಮೇಲೆ ನಿಖರವಾಗಿ ಹಾಯದು. ಕೆಲವು ರೇಖೆಯ ಮೇಲೆ ಉಳಿಯುತ್ತವೆ, ಕೆಲವು ಕೆಳಗೆ ಉಳಿಯುತ್ತವೆ. ಬಿಂದುವಿಗೂ ರೇಖೆಗೂ ಇರುವ ಅಂತರಕ್ಕೆ ಶೇಷವೆಂದು ಹೆಸರು. ಶೇಷಗಳನ್ನು ಸುಮ್ಮನೆ ಕೂಡಿದರೆ ಧನವೂ ಋಣವೂ ಒಂದನ್ನೊಂದು ಕಳೆದುಬಿಡುವುದರಿಂದ, ಪ್ರತಿಯೊಂದನ್ನೂ ವರ್ಗಿಸಿ ಕೂಡುತ್ತಾರೆ. ಈ ಮೊತ್ತವು ಯಾವ ರೇಖೆಗೆ ಎಲ್ಲಕ್ಕಿಂತ ಕಡಿಮೆಯೋ ಅದೇ ಉತ್ತಮವಾದ ರೇಖೆಯೆಂದು ನಿಯಮ. ಕನಿಷ್ಠ ವರ್ಗಗಳ ವಿಧಾನವೆಂಬುದು ಇದೇ. 1805ರಲ್ಲಿ ಲೆಜಾಂಡ್ರನೂ 1809ರಲ್ಲಿ ಗೌಸನೂ ಇದನ್ನು ಪ್ರಕಟಿಸಿದರು.

ಇದನ್ನು ಘಾತೀಯ ರೇಖೆಗೆ ಅನ್ವಯಿಸುವಲ್ಲಿ ಎರಡು ಮಾರ್ಗಗಳುಂಟು. ಮೊದಲನೆಯದು ಲಘುಗಣಕದ ಮಾರ್ಗ. ನಾಲ್ಕು ಜನಸಂಖ್ಯೆಗಳನ್ನು ದಶಲಕ್ಷಗಳಲ್ಲಿ ಬರೆದು, ಅವುಗಳ ಲಘುಗಣಕಗಳನ್ನು ತೆಗೆದು, ಆ ಬಿಂದುಗಳಿಗೆ ಸರಳರೇಖೆಯೊಂದನ್ನು ಹೊಂದಿಸುವುದು. ಈ ಲೆಕ್ಕವನ್ನು ಕಾಗದದ ಮೇಲೆಯೇ ಮಾಡಬಹುದು. ನಾನೂ ಹಾಗೆಯೇ ಮಾಡಿದೆನು. ಬಂದ ಉತ್ತರ: ದಶಕವೊಂದಕ್ಕೆ ದರ 0.2164, ಎಂದರೆ ಹತ್ತು ವರ್ಷಕ್ಕೆ ಸುಮಾರು ನೂರಕ್ಕೆ 24.2ರಂತೆ ವೃದ್ಧಿ. ಈ ದರದಲ್ಲಿ ಜನಸಂಖ್ಯೆಯು ಸುಮಾರು 32 ವರ್ಷಗಳಲ್ಲಿ ಇಮ್ಮಡಿಯಾಗಬೇಕು. 2011ಕ್ಕೆ ಸುಮಾರು 7 ಕೋಟಿ 4 ಲಕ್ಷವಾಗಬೇಕು.

ಎರಡನೆಯದು ನೇರವಾದ ಮಾರ್ಗ. ಲಘುಗಣಕವನ್ನು ತೆಗೆಯದೆ, ಮೂಲದ ಸಂಖ್ಯೆಗಳಿಗೇ ಬಾಗುರೇಖೆಯನ್ನು ಹೊಂದಿಸುವುದು. ಇದಕ್ಕೆ ಒಂದೇ ಹೆಜ್ಜೆಯ ಸೂತ್ರವಿಲ್ಲ. ಒಂದು ಅಂದಾಜಿನಿಂದ ಹೊರಟು, ಶೇಷಗಳ ವರ್ಗಮೊತ್ತವು ತಗ್ಗುವ ದಿಕ್ಕನ್ನು ಹಿಡಿದು, ಹೆಜ್ಜೆ ಹೆಜ್ಜೆಗೂ ತಿದ್ದಿಕೊಳ್ಳುತ್ತ ಹೋಗಬೇಕು. 1944ರಲ್ಲಿ ಲೆವೆನ್‌ಬರ್ಗನೂ 1963ರಲ್ಲಿ ಮಾರ್ಕ್ವಾರ್ಟನೂ ರೂಪಿಸಿದ ಕ್ರಮವೊಂದು ಇದಕ್ಕೆ ಬಹಳವಾಗಿ ಬಳಕೆಯಲ್ಲಿದೆ. ಈ ಮಾರ್ಗದಲ್ಲಿ ಅದೇ ನಾಲ್ಕು ಅಂಕಗಳಿಂದ ದಶಕದ ವೃದ್ಧಿಯು ನೂರಕ್ಕೆ 24.6ರಷ್ಟಾಗಿ, 2011ರ ಊಹೆಯು ಸುಮಾರು 7 ಕೋಟಿ 14 ಲಕ್ಷಕ್ಕೆ ಏರುತ್ತದೆ.

ದತ್ತಾಂಶ ಒಂದೇ, ರೇಖೆಯ ಜಾತಿ ಒಂದೇ, ಆದರೂ ಫಲದಲ್ಲಿ ಹತ್ತು ಲಕ್ಷದಷ್ಟು ಭೇದ. ಇದು ಹೇಗೆಂದರೆ: ಲಘುಗಣಕದ ಮಾರ್ಗವು ಅಂತರವನ್ನು ಪಾಲಿನ ಲೆಕ್ಕದಲ್ಲಿ ಅಳೆಯುತ್ತದೆ. ಎರಡು ಕೋಟಿಯಲ್ಲಿ ನೂರಕ್ಕೆ ಒಂದು ತಪ್ಪಿದರೂ, ನಾಲ್ಕು ಕೋಟಿಯಲ್ಲಿ ನೂರಕ್ಕೆ ಒಂದು ತಪ್ಪಿದರೂ ಅದಕ್ಕೆ ಸಮಾನ. ನೇರವಾದ ಮಾರ್ಗವು ಅಂತರವನ್ನು ತಲೆಯೆಣಿಕೆಯಲ್ಲಿ ಅಳೆಯುವುದರಿಂದ ದೊಡ್ಡ ಸಂಖ್ಯೆಗಳ ಕಡೆಗೆ ಹೆಚ್ಚು ವಾಲುತ್ತದೆ. ಯಾವುದು ಸರಿಯೆಂಬುದನ್ನು ಗಣಿತವು ಹೇಳದು. ದತ್ತಾಂಶದಲ್ಲಿ ದೋಷವು ಯಾವ ರೀತಿಯಲ್ಲಿ ಸೇರುತ್ತದೆಂಬುದನ್ನು ಬಲ್ಲವನು ಹೇಳಬೇಕು.

ಲಘುಗಣಕದ ಮಾರ್ಗವು ನಿಲ್ಲದಿರುವ ಒಂದು ಸ್ಥಳವನ್ನೂ ಇಲ್ಲಿಯೇ ಸೂಚಿಸಬಹುದು. ಕಾಯಿಸಿದ ಹಾಲನ್ನು ಇಳಿಸಿಟ್ಟರೆ ಅದು ಆರುತ್ತ ಕೋಣೆಯ ಶಾಖವನ್ನು ತಲಪಿ ನಿಲ್ಲುವುದೇ ಹೊರತು ಸೊನ್ನೆಗೆ ಇಳಿಯದು. ಇಲ್ಲಿ ಕ್ಷಯಿಸುವುದು ಹಾಲಿಗೂ ಕೋಣೆಗೂ ಇರುವ ಶಾಖದ ಅಂತರ ಮಾತ್ರ. ಇಂತಹ ದತ್ತಾಂಶಕ್ಕೆ ಆದಿ, ದರಗಳಲ್ಲದೆ ತಳದ ಅಂಕವೆಂಬ ಮೂರನೆಯದೂ ಬೇಕು. ಅದನ್ನು ಕಳೆಯದೆ ಲಘುಗಣಕವನ್ನು ತೆಗೆದರೆ ರೇಖೆಯು ನೇರವಾಗುವುದಿಲ್ಲ. ನೇರವೆಂದು ಭಾವಿಸಿ ಲೆಕ್ಕ ಹಾಕಿದರೆ ದರವು ತಪ್ಪುತ್ತದೆ.

5. ಸ್ಕ್ರಿಪ್ಟೆಂಬುದರ ರಚನೆ

ಇಂದು ಇಂತಹ ಲೆಕ್ಕಗಳನ್ನು ತಂತ್ರಾಂಶಗಳಿಂದ ಮಾಡಿಸುತ್ತಾರೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ಹುಟ್ಟಿದ ಆರ್ ಎಂಬುದು ಒಂದು. ಪೈಥಾನ್ ಎಂಬ ಗಣಕಭಾಷೆಯೂ ಅದರೊಡನೆ ಬಳಸುವ ಸೈಪೈ ಎಂಬ ಸಂಗ್ರಹವೂ ಇನ್ನೊಂದು. ಎರಡೂ ಬೆಲೆಯಿಲ್ಲದೆ ದೊರೆಯುತ್ತವೆ. ಯಂತ್ರಕ್ಕೆ ಕೊಡುವ ಆದೇಶಗಳನ್ನು ಒಂದಾದಮೇಲೊಂದು ಸಾಲಾಗಿ ಬರೆದಿಟ್ಟ ಪಾಠಕ್ಕೆ ಸ್ಕ್ರಿಪ್ಟೆಂದು ಹೆಸರು. ನಮ್ಮ ದೃಷ್ಟಾಂತಕ್ಕೆ ಬೇಕಾದ ಸ್ಕ್ರಿಪ್ಟು ಆರೇಳು ಸಾಲುಗಳನ್ನು ಮೀರದು. ಅದರ ಅಂಗಗಳು ಇವು:

ಮೊದಲನೆಯದಾಗಿ ದತ್ತಾಂಶ: ನಾಲ್ಕು ವರ್ಷಗಳ ಒಂದು ಪಟ್ಟಿ, ನಾಲ್ಕು ಜನಸಂಖ್ಯೆಗಳ ಒಂದು ಪಟ್ಟಿ. ಎರಡನೆಯದಾಗಿ ಕಾಲದ ಅಳತೆಯ ಪರಿಷ್ಕಾರ: ಪ್ರತಿ ವರ್ಷದಿಂದಲೂ 1966ನ್ನು ಕಳೆದು ಹತ್ತರಿಂದ ಭಾಗಿಸಿದರೆ, ಕಾಲವು ಋಣ 1.5, ಋಣ 0.5, ಧನ 0.5, ಧನ 1.5 ಎಂದು ದಶಕಗಳಲ್ಲಿ ದೊರೆಯುತ್ತದೆ. ಮೂರನೆಯದಾಗಿ ರೇಖೆಯ ಲಕ್ಷಣ: ಆದಿಯನ್ನು ಘಾತದಿಂದ ಗುಣಿಸಬೇಕೆಂಬ ಸೂತ್ರ. ನಾಲ್ಕನೆಯದಾಗಿ ಆದಿಗೂ ದರಕ್ಕೂ ಆರಂಭದ ಅಂದಾಜು. ಐದನೆಯದಾಗಿ ಹೊಂದಿಸುವ ಆದೇಶ: ಆರ್‌ನಲ್ಲಿ ಸರಳರೇಖೆಗೆ ಎಲ್‌ಎಂ ಎಂದೂ ಬಾಗುರೇಖೆಗೆ ಎನ್‌ಎಲ್‌ಎಸ್ ಎಂದೂ ಹೆಸರು, ಸೈಪೈಯಲ್ಲಿ ಕರ್ವ್‌ಫಿಟ್ ಎಂಬುದು. ಆರನೆಯದಾಗಿ ಶೇಷಗಳನ್ನು ಬರೆದು ತೋರಿಸುವ ಆದೇಶ. ಕೊನೆಯದನ್ನು ಅನೇಕರು ಬಿಟ್ಟುಬಿಡುತ್ತಾರೆ. ಅದು ಬಿಡಬಾರದ ಅಂಗವೆಂಬುದನ್ನು ಮುಂದೆ ತೋರಿಸುವೆನು.

ಎರಡನೆಯ ಮತ್ತು ನಾಲ್ಕನೆಯ ಅಂಗಗಳು ಅಲ್ಪವೆಂದು ತೋರಬಹುದು. ನನಗೂ ಹಾಗೆಯೇ ತೋರಿ, ಮೊದಲ ದಿನ ವರ್ಷಗಳನ್ನು 1951, 1961 ಎಂದು ಇದ್ದಂತೆಯೇ ಕೊಟ್ಟು, ಅಂದಾಜನ್ನೂ ಕೊಡದೆ ಕರ್ವ್‌ಫಿಟ್ಟಿಗೆ ಆದೇಶವಿತ್ತೆನು. ಅಂದಾಜನ್ನು ಹೇಳದಿದ್ದರೆ ಆ ಆದೇಶವು ಪ್ರತಿಯೊಂದು ಅಂಕವನ್ನೂ 1 ಎಂದೇ ಭಾವಿಸುತ್ತದೆ. ಹಾಗಾದಾಗ 2.718ನ್ನು ಅದರಿಂದಲೇ 1951 ಬಾರಿ ಗುಣಿಸಬೇಕಾಗುತ್ತದೆ. ಆ ಸಂಖ್ಯೆಯನ್ನು ಬರೆಯಲು 848 ಅಂಕಗಳು ಬೇಕು; ಯಂತ್ರದ ಸಾಮಾನ್ಯ ಸಂಖ್ಯಾಕೋಶವು ಸುಮಾರು 309 ಅಂಕಗಳಿಗೇ ತುಂಬಿಹೋಗುತ್ತದೆ. ಒಂದು ಎಚ್ಚರಿಕೆಯ ವಾಕ್ಯ ಬಂದಿತು. ಅದರ ಕೆಳಗೆ 1 ಮತ್ತು 1 ಎಂಬ ನನ್ನ ಆರಂಭದ ಅಂಕಗಳೇ ಉತ್ತರದ ವೇಷದಲ್ಲಿ ಹಿಂದಿರುಗಿದುವು. ಎಚ್ಚರಿಕೆಯನ್ನು ಓದದಿದ್ದಲ್ಲಿ ಅದನ್ನೇ ಉತ್ತರವೆಂದು ಬರೆದುಕೊಳ್ಳುತ್ತಿದ್ದೆನು. ಮಿತ್ರರು ನಕ್ಕು, ಲಘುಗಣಕದ ಮಾರ್ಗದಿಂದ ಬಂದ ಆದಿ-ದರಗಳನ್ನೇ ನೇರವಾದ ಮಾರ್ಗಕ್ಕೆ ಅಂದಾಜಾಗಿ ಕೊಡಬೇಕೆಂದು ಕಲಿಸಿದರು. ಇದು ಎಲ್ಲರೂ ಅನುಸರಿಸಬಹುದಾದ ಒಳ್ಳೆಯ ಪದ್ಧತಿ.

ಲೆಕ್ಕದ ಹಾಳೆಯಲ್ಲಿ ಗುಂಡಿಯೊತ್ತಿಯೂ ಇಂತಹ ರೇಖೆಯನ್ನು ಪಡೆಯಬಹುದಲ್ಲವೆ, ಸ್ಕ್ರಿಪ್ಟಿನ ಶ್ರಮವೇಕೆ ಎಂದು ಪೂರ್ವಪಕ್ಷವೇಳಬಹುದು. ಸಮಾಧಾನವಿದು: ಗುಂಡಿಯೊತ್ತಿದ ಕೈಯ ಗುರುತು ಎಲ್ಲಿಯೂ ಉಳಿಯದು. ಯಾವ ಅಂಕವನ್ನು ಬಿಟ್ಟರು, ಯಾವ ಮಾರ್ಗವನ್ನು ಹಿಡಿದರು ಎಂಬುದು ಮಾಡಿದವರಿಗೇ ತಿಂಗಳಾದಮೇಲೆ ಮರೆತುಹೋಗುವುದು. ಸ್ಕ್ರಿಪ್ಟಾದರೋ ಒಂದು ಪಾಠ. ಗ್ರಂಥಸಂಪಾದಕನು ಯಾವ ಪ್ರತಿಯನ್ನು ಮೂಲವಾಗಿಟ್ಟುಕೊಂಡನು, ಯಾವ ಪಾಠಾಂತರವನ್ನು ಅಡಿಗೆ ತಳ್ಳಿದನು ಎಂಬುದನ್ನು ಹೇಳಲೇಬೇಕೆಂದು ನಾವು ಕೇಳುವೆವಷ್ಟೆ. ಅದನ್ನು ಹೇಳದ ಪರಿಷ್ಕರಣವನ್ನು ನಂಬುವುದಿಲ್ಲ. ರೇಖೆಯ ವಿಷಯದಲ್ಲಿಯೂ ಅದೇ ನ್ಯಾಯವು ಸಲ್ಲಬೇಕು. ಸ್ಕ್ರಿಪ್ಟನ್ನು ಜೊತೆಗಿಟ್ಟರೆ ಇನ್ನೊಬ್ಬನು ಅದನ್ನೇ ನಡೆಸಿ ಅದೇ ಫಲವನ್ನು ಪಡೆಯಬಲ್ಲನು; ಒಂದು ಸಾಲನ್ನು ಬದಲಿಸಿ ಫಲವು ಎಷ್ಟು ಕದಲುವುದೆಂಬುದನ್ನೂ ನೋಡಬಲ್ಲನು.

6. ಶೇಷಗಳ ಪರೀಕ್ಷೆ

ಈಗ 1982ರ ನಮ್ಮ ಲೆಕ್ಕಿಗನ ಬಳಿಗೆ ಮರಳೋಣ. ಲಘುಗಣಕದ ಮಾರ್ಗದಿಂದ ಅವನು ಪಡೆದ ರೇಖೆಯ ಹೊಂದಿಕೆಯನ್ನು ಆರ್-ವರ್ಗವೆಂಬ ಅಂಕದಿಂದ ಅಳೆದರೆ 0.998 ಬರುತ್ತದೆ. ಸಂಪೂರ್ಣವಾದ ಹೊಂದಿಕೆಗೆ 1 ಎಂದು ಗುರುತು. ಇದಕ್ಕಿಂತ ಹೆಚ್ಚಿನದನ್ನು ಯಾರು ಬಯಸಿಯಾರು? ಚಿತ್ರದಲ್ಲಿ ನಾಲ್ಕು ಬಿಂದುಗಳೂ ರೇಖೆಯ ಮೇಲೆಯೇ ಕುಳಿತಂತೆ ಕಾಣುತ್ತವೆ.

ಆದರೆ ಶೇಷಗಳನ್ನು ಬೇರೆಯಾಗಿ ಬರೆದು ನೋಡಿದರೆ ಹೀಗಿದೆ: 1951ರಲ್ಲಿ ಜನಸಂಖ್ಯೆಯು ರೇಖೆಗಿಂತ ಸುಮಾರು 2 ಲಕ್ಷ ಹೆಚ್ಚು, 1961ರಲ್ಲಿ ಎರಡೂವರೆ ಲಕ್ಷ ಕಡಿಮೆ, 1971ರಲ್ಲಿ 3 ಲಕ್ಷ ಕಡಿಮೆ, 1981ರಲ್ಲಿ 3 ಲಕ್ಷ 80 ಸಾವಿರದಷ್ಟು ಹೆಚ್ಚು. ಧನ, ಋಣ, ಋಣ, ಧನ. ಎರಡು ತುದಿಗಳು ಮೇಲೆ, ನಡುವು ಕೆಳಗೆ. ರೇಖೆಯು ದತ್ತಾಂಶದ ನಿಜವಾದ ಸ್ವರೂಪವನ್ನು ಹಿಡಿದಿದ್ದರೆ ಶೇಷಗಳಲ್ಲಿ ಯಾವ ವಿನ್ಯಾಸವೂ ಇರಬಾರದು. ಇಲ್ಲಿ ವಿನ್ಯಾಸವಿದೆ. ನಾಲ್ಕೇ ಶೇಷಗಳಿಂದ ಸಿದ್ಧಾಂತವನ್ನು ಕಟ್ಟಲಾಗದು. ಆದರೆ ಸಂಶಯಕ್ಕೆ ಅಷ್ಟು ಸಾಕು. ಸಂಶಯವನ್ನು ಹಿಡಿದು ಮೂಲದ ಅಂಕಗಳಿಗೆ ಹೋದರೆ ಕಾರಣವು ಕಾಣುತ್ತದೆ: ಮೊದಲ ದಶಕದಲ್ಲಿ ವೃದ್ಧಿಯು ನೂರಕ್ಕೆ 21.6, ಎರಡನೆಯದರಲ್ಲಿ 24.2, ಮೂರನೆಯದರಲ್ಲಿ 26.7. ಘಾತೀಯ ರೇಖೆಯ ಪ್ರಾಣವೇ ದರದ ಸ್ಥಿರತೆ. ಇಲ್ಲಿ ದರವೇ ಏರುತ್ತಿದ್ದಿತು. ಎಂದರೆ 0.998 ಎಂಬ ಅಂಕವು ಮರೆಮಾಡಿದ ದೋಷವನ್ನು ಶೇಷಗಳು ಹೊರಗೆಡಹಿದುವು.

7. ವ್ಯಾಪ್ತಿಯೂ ಉಪಾಧಿಯೂ

ಮುಚ್ಚಿಟ್ಟಿದ್ದ ಅಂಕಗಳನ್ನು ಈಗ ತೆರೆಯೋಣ. 1991ರ ಗಣತಿಯಲ್ಲಿ 4,49,77,201, 2001ರಲ್ಲಿ 5,28,50,562, 2011ರಲ್ಲಿ 6,10,95,297. ಲಘುಗಣಕದ ಮಾರ್ಗದ ರೇಖೆಯು 1991ರಲ್ಲಿ ಆರೂವರೆ ಲಕ್ಷದಷ್ಟು, 2001ರಲ್ಲಿ 38 ಲಕ್ಷದಷ್ಟು, 2011ರಲ್ಲಿ ಸುಮಾರು 93 ಲಕ್ಷದಷ್ಟು ಹೆಚ್ಚಾಗಿ ಹೇಳಿತು. ನೇರವಾದ ಮಾರ್ಗದ ರೇಖೆಯು ಇನ್ನೂ ಹೆಚ್ಚು ತಪ್ಪಿತು. ತಪ್ಪು ಬೆಳೆಯುವ ಕ್ರಮವನ್ನು ಗಮನಿಸಬೇಕು: ದತ್ತಾಂಶದಿಂದ ದೂರ ಸರಿದಂತೆಲ್ಲ ಅದು ಹಲವು ಪಟ್ಟು ಹೆಚ್ಚುತ್ತದೆ.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಶೇಷಗಳನ್ನು ಓದಿದ ಜಾಣನು, ದರವು ಏರುತ್ತಿದೆಯಾದುದರಿಂದ ಜನಸಂಖ್ಯೆಯು ರೇಖೆಯನ್ನೂ ಮೀರುವುದೆಂದು ಹೇಳುತ್ತಿದ್ದನು. ಆಗಿದ್ದು ವಿಪರೀತ. ಮುಂದಿನ ಮೂರು ದಶಕಗಳಲ್ಲಿ ವೃದ್ಧಿಯು ನೂರಕ್ಕೆ 21.1, 17.5, 15.6 ಎಂದು ಇಳಿಯುತ್ತ ಬಂದಿತು. ಮನೆಗಳಲ್ಲಿ ಹುಟ್ಟುವ ಮಕ್ಕಳ ಸಂಖ್ಯೆ ಕಡಿಮೆಯಾದುದೇ ಮುಖ್ಯ ಕಾರಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಸ್ತ್ರೀಯೊಬ್ಬಳಿಗೆ ಸರಾಸರಿ 1.7 ಮಕ್ಕಳು, ಜನಸಂಖ್ಯೆಯು ಇದ್ದಂತೆಯೇ ನಿಲ್ಲಲು ಸುಮಾರು 2.1 ಬೇಕು. ಈ ಪರಿವರ್ತನೆಯು 1951ರಿಂದ 1981ರವರೆಗಿನ ನಾಲ್ಕು ಅಂಕಗಳೊಳಗೆ ಎಲ್ಲಿಯೂ ಅಡಗಿರಲಿಲ್ಲ. ಬೆಳವಣಿಗೆಗೆ ಮಿತಿಯುಂಟೆಂದು ತೋರಿಸುವ ಬೇರೊಂದು ರೇಖೆಯನ್ನು 1838ರಲ್ಲಿಯೇ ವೆರ್‌ಹುಲ್ಸ್ಟನು ಹೇಳಿದ್ದನು ನಿಜ. ಆದರೆ ದರವು ಏರುತ್ತಲೇ ಇದ್ದ ಆ ಅಂಕಗಳಿಂದ ಆ ಮಿತಿಯನ್ನು ಯಾವ ತಂತ್ರಾಂಶವೂ ಕಂಡುಹಿಡಿಯಲಾರದು.

ಇದನ್ನು ನಮ್ಮ ತರ್ಕದ ಪರಿಭಾಷೆಯಲ್ಲಿ ಹೇಳುವುದು ಸುಲಭ. ಅನುಮಾನಕ್ಕೆ ವ್ಯಾಪ್ತಿಯು ಮೂಲ. ಹೊಗೆಯಿದ್ದೆಡೆಯೆಲ್ಲ ಬೆಂಕಿಯುಂಟೆಂಬ ವ್ಯಾಪ್ತಿಯು ನಿರ್ದುಷ್ಟ. ಆದರೆ ಬೆಂಕಿಯಿದ್ದೆಡೆಯೆಲ್ಲ ಹೊಗೆಯುಂಟೆಂದರೆ ಅದು ನಿಲ್ಲದು; ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿಕಟ್ಟಿಗೆಯ ಸಂಯೋಗವೆಂಬ ಉಪಾಧಿಯಿದ್ದರೆ ಮಾತ್ರ ಹೊಗೆ. ಅಡುಗೆಮನೆಯಲ್ಲಿ ನೂರು ಬಾರಿ ಬೆಂಕಿಯೊಡನೆ ಹೊಗೆಯನ್ನು ಕಂಡವನಿಗೆ ಆ ಉಪಾಧಿಯು ತೋರುವುದಿಲ್ಲ, ಏಕೆಂದರೆ ಅಲ್ಲಿ ಅದು ಯಾವಾಗಲೂ ಇದ್ದೇ ಇರುತ್ತದೆ. ನಮ್ಮ ರೇಖೆಯ ಕಥೆಯೂ ಹಾಗೆಯೇ. ಕಾಲ ಕಳೆದಂತೆ ಜನಸಂಖ್ಯೆಯು ಒಂದೇ ಪಾಲಿನಂತೆ ಹೆಚ್ಚುವುದೆಂಬುದು, ಜನನ ಮರಣಗಳ ದರ ಬದಲಾಗದಿದ್ದರೆ ಎಂಬ ಉಪಾಧಿಗೆ ಒಳಪಟ್ಟ ಮಾತು. ದತ್ತಾಂಶದೊಳಗೆ ಮಾತ್ರ ನೋಡುವವನಿಗೆ ಉಪಾಧಿಯು ಕಾಣದು. ತಂತ್ರಾಂಶವು ಉತ್ತರದೊಡನೆ ಕೊಡುವ ದೋಷದ ಮಿತಿಗಳೂ, ರೇಖೆಯ ಜಾತಿ ಸರಿಯಾಗಿದ್ದರೆ ಎಂಬ ಷರತ್ತಿನ ಮೇಲೆಯೇ ನಿಂತಿರುತ್ತವೆ.

8. ಭಾಷೆಯ ಕಾಲನಿರ್ಣಯ

ಇಷ್ಟನ್ನು ತಿಳಿದಮೇಲೆ ನಾನು ಆ ಪ್ರಬಂಧವನ್ನು ಮತ್ತೆ ತೆರೆದೆನು. ಅಲ್ಲಿ ಬಳಸಿದ್ದುದು ಅಮೆರಿಕದ ಮಾರಿಸ್ ಸ್ವಾಡೆಶರು ಆರಂಭಿಸಿದ ಕ್ರಮ. ಅವಯವ, ಸಂಖ್ಯೆ, ನೀರು, ಬೆಂಕಿ ಮುಂತಾದ ಮೂಲಭೂತ ಪದಗಳು ಯಾವ ಭಾಷೆಯಲ್ಲಿಯೂ ಒಂದೇ ದರದಿಂದ ಕಳೆದುಹೋಗುತ್ತವೆ ಎಂಬುದು ಅದರ ಆಧಾರ. ಇದು ವಿಕಿರಣಶೀಲ ದ್ರವ್ಯದ ಕ್ಷಯದ ಮಾದರಿಯೇ. 1953ರಲ್ಲಿ ರಾಬರ್ಟ್ ಲೀಸರು, ಹಳೆಯ ಲೇಖಗಳುಳ್ಳ 13 ಭಾಷೆಗಳ ಸುಮಾರು 200 ಪದಗಳನ್ನು ಪರೀಕ್ಷಿಸಿ, ಸಾವಿರ ವರ್ಷಗಳಲ್ಲಿ ನೂರಕ್ಕೆ ಸುಮಾರು 80.5 ಪದಗಳು ಉಳಿಯುವುವೆಂದರು. ಸ್ವಾಡೆಶರು 1955ರಲ್ಲಿ ಪಟ್ಟಿಯನ್ನು 100 ಪದಗಳಿಗೆ ಇಳಿಸಿ, 86 ಉಳಿಯುವುವೆಂದರು. ಆ 13 ಭಾಷೆಗಳಲ್ಲಿ ಬಹುಪಾಲು ಇಂಡೋ-ಯೂರೋಪಿಯನ್ ಕುಲದವು. ದ್ರಾವಿಡ ಭಾಷೆ ಒಂದೂ ಇಲ್ಲ.

ಎರಡು ಸೋದರನುಡಿಗಳಲ್ಲಿ ನೂರಕ್ಕೆ 70 ಪದಗಳು ಸಮಾನವಾಗಿದ್ದರೆ, ಎರಡೂ ಬೇರೆ ಬೇರೆಯಾಗಿ ಕ್ಷಯಿಸಿದುವೆಂದು ಲೆಕ್ಕ ಹಾಕಿ, 86ರ ದರದಂತೆ ಅವು ಅಗಲಿದ ಕಾಲವು ಸುಮಾರು 1180 ವರ್ಷ ಹಿಂದೆ ಎಂದು ಬರುತ್ತದೆ. ನಮ್ಮ ಪ್ರಬಂಧದ ಅಂಕವು ಇದೇ. ಈಗ ಸ್ಕ್ರಿಪ್ಟಿನಲ್ಲಿ ಒಂದೇ ಸಾಲನ್ನು ಬದಲಿಸೋಣ. ಉಳಿಯುವ ಪದಗಳು ನೂರಕ್ಕೆ 80 ಎಂದರೆ ಕಾಲವು ಸುಮಾರು 800 ವರ್ಷಕ್ಕೆ ಇಳಿಯುತ್ತದೆ; 90 ಎಂದರೆ 1690ಕ್ಕೆ ಏರುತ್ತದೆ. ಒಂದು ಉತ್ತರದಂತೆ ಅಗಲಿಕೆಯು ಹೊಯ್ಸಳರ ಕಾಲಕ್ಕೆ ಬೀಳುವುದು. ಇನ್ನೊಂದರಂತೆ ಕದಂಬರಿಗಿಂತಲೂ ಹಿಂದಕ್ಕೆ ಸರಿಯುವುದು. ಪದಗಳ ಪಟ್ಟಿಯಲ್ಲಿ ಒಂದಕ್ಷರವೂ ಬದಲಾಗಲಿಲ್ಲ.

ಹಾಗೆ ದರವನ್ನು ಬದಲಿಸಲು ಅವಕಾಶವುಂಟೆ ಎಂದರೆ, ಉಂಟು. 1962ರಲ್ಲಿ ಬರ್ಗ್ಸ್‌ಲಾಂಡ್ ಮತ್ತು ಫೋಗ್ಟ್ ಎಂಬ ವಿದ್ವಾಂಸರು, ಐಸ್‌ಲ್ಯಾಂಡಿನ ಭಾಷೆಯಲ್ಲಿ ಪದಗಳು ಈ ದರಕ್ಕಿಂತ ಬಹಳ ನಿಧಾನವಾಗಿಯೂ, ಪೂರ್ವ ಗ್ರೀನ್‌ಲ್ಯಾಂಡಿನ ನುಡಿಯಲ್ಲಿ ಬಹಳ ಬೇಗನೆಯೂ ಕಳೆದುಹೋದುದನ್ನು ತೋರಿಸಿದರು. ಅಣುವಿನ ಕ್ಷಯಕ್ಕೆ ರಾಜಾಶ್ರಯವಿಲ್ಲ, ವಲಸೆಯಿಲ್ಲ, ಮತಾಂತರವಿಲ್ಲ, ನಿಷಿದ್ಧಪದಗಳಿಲ್ಲ. ನುಡಿಗೆ ಇವೆಲ್ಲವೂ ಉಂಟು. ಇಂಗಾಲ-14ರ ಕ್ಷಯವು ಭೌತನಿಯಮವಾಗಿದ್ದರೂ, ವಾತಾವರಣದಲ್ಲಿ ಅದರ ಪ್ರಮಾಣವು ಎಲ್ಲ ಕಾಲದಲ್ಲಿಯೂ ಒಂದೇ ಆಗಿರಲಿಲ್ಲವೆಂದು ಕಂಡು, ಮರಗಳ ವರ್ಷವಲಯಗಳನ್ನು ಎಣಿಸಿ ಅದರ ತೇದಿಗಳನ್ನು ತಿದ್ದಬೇಕಾಯಿತು. ಅಲ್ಲಿಯೇ ಹೀಗಿರಲು ಭಾಷೆಯಲ್ಲಿ ಕೇಳಬೇಕೆ?

ಎಲ್ಲಕ್ಕಿಂತ ಮಿಗಿಲಾದ ದೋಷವು ಬೇರೊಂದಿದೆ. ಜನಸಂಖ್ಯೆಯ ರೇಖೆಗೆ ನಾಲ್ಕು ಬಿಂದುಗಳಾದರೂ ಇದ್ದುವು, ಆದುದರಿಂದ ಶೇಷಗಳಿದ್ದುವು, ಶೇಷಗಳಿಂದ ಸಂಶಯವು ಹುಟ್ಟಿತು. ಪ್ರಬಂಧದ ರೇಖೆಗಾದರೋ ಇದ್ದುದು ನೂರಕ್ಕೆ 70 ಎಂಬ ಒಂದೇ ಬಿಂದು. ದರವು ಪರಭಾಷೆಗಳಿಂದ ಎರವಲು ತಂದುದು. ಒಂದೇ ಬಿಂದುವಿನ ಮೂಲಕ ಎಳೆದ ರೇಖೆಗೆ ಶೇಷವೇ ಇರದು. ಶೇಷವಿಲ್ಲದ ರೇಖೆಯು ಸುಂದರವಾಗಿ ಕಾಣುವುದು. ಆದರೆ ಅದು ತಪ್ಪೆಂದು ತೋರಿಸಲು ಯಾವ ದಾರಿಯೂ ಇಲ್ಲದಿರುವುದರಿಂದ, ಸರಿಯೆಂದು ನಂಬಲೂ ದಾರಿಯಿಲ್ಲ.

ಈ ಕಾರಣದಿಂದ ಗಣಿತವನ್ನೇ ಭಾಷಾಶಾಸ್ತ್ರದಿಂದ ಹೊರಗಿಡಬೇಕೆಂಬುದು ನನ್ನ ಅಭಿಪ್ರಾಯವಲ್ಲ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 20 ದ್ರಾವಿಡ ಭಾಷೆಗಳ ಪದಗಳನ್ನು ಸಂಗ್ರಹಿಸಿ, ದರವು ಶಾಖೆಯಿಂದ ಶಾಖೆಗೆ ಬದಲಾಗಬಹುದೆಂದೂ ಪರಿಗಣಿಸಿ, ಈ ಕುಲದ ವಯಸ್ಸು ಸುಮಾರು 4500 ವರ್ಷವೆಂದು ಊಹಿಸಿದ್ದಾರೆ. ಅವರು ಒಂದೇ ಅಂಕವನ್ನು ಹೇಳಿ ಸುಮ್ಮನಾಗದೆ, ಅದರ ಹಿಂದೆಯೂ ಮುಂದೆಯೂ ವಿಸ್ತಾರವಾದ ಮಿತಿಗಳನ್ನು ಕೊಟ್ಟಿದ್ದಾರೆಂಬುದು ಗಮನಾರ್ಹ.

9. ಉಪಸಂಹಾರ

ಪ್ರಬಂಧದ ಲೇಖಕನಿಂದ ನಾನು ಸ್ಕ್ರಿಪ್ಟನ್ನು ತರಿಸಿಕೊಂಡೆನು. ಅದರಲ್ಲಿ ದರವನ್ನು ಹೇಳುವ ಸಾಲೊಂದು, ಭಾಗಾಕಾರದ ಸಾಲೊಂದು, ಚಿತ್ರವನ್ನು ಬರೆಯುವ ಸಾಲುಗಳು ಮಾತ್ರ ಇದ್ದುವು. ಮೇಲೆ ಹೇಳಿದ 800, 1690ರ ಲೆಕ್ಕವನ್ನು ಅವನಿಗೆ ಬರೆದು ಕಳುಹಿಸಿದೆನು. ಅವನು ಬೇಸರಪಡದೆ ಕೊನೆಯ ಅಧ್ಯಾಯವನ್ನು ತಿದ್ದಿ ಬರೆದನು. ಈಗ ಅದರಲ್ಲಿ 1180 ಎಂಬ ಒಂದೇ ಅಂಕಕ್ಕೆ ಬದಲಾಗಿ ಮೂರು ದರಗಳಿಂದ ಬರುವ ಮೂರು ಕಾಲಗಳೂ, ಇವು ಊಹೆಗಳೆಂಬ ಮಾತೂ, ಅನುಬಂಧದಲ್ಲಿ ಸ್ಕ್ರಿಪ್ಟೂ ಇವೆ. ಪ್ರಬಂಧವನ್ನು ಸಂತೋಷದಿಂದ ಒಪ್ಪಿದೆನು. ಪದಗಳನ್ನು ಕುರಿತ ಅವನ ವಿವೇಚನೆಗೆ ಆ ಅಂಕದ ಊರುಗೋಲು ಮೊದಲಿನಿಂದಲೂ ಬೇಕಿರಲಿಲ್ಲ.

ಇನ್ನು ಮುಂದೆ ಇಂತಹ ರೇಖೆಗಳು ಸಾಹಿತ್ಯದ ಅಧ್ಯಾಪಕರ ಮುಂದೆಯೂ ಮತ್ತೆ ಮತ್ತೆ ಬರುವುವು. ಆಗ ನಾಲ್ಕು ಪ್ರಶ್ನೆಗಳನ್ನು ಕೇಳಿದರೆ ಸಾಕು. ಬಿಂದುಗಳು ಎಷ್ಟು? ಹೊಂದಿಸಿದ ಮಾರ್ಗ ಯಾವುದು? ಶೇಷಗಳಲ್ಲಿ ವಿನ್ಯಾಸವುಂಟೆ? ರೇಖೆಯನ್ನು ದತ್ತಾಂಶದಿಂದಾಚೆಗೆ ಎಷ್ಟು ದೂರ ಎಳೆದಿದೆ, ಅಲ್ಲಿಯೂ ಉಪಾಧಿಯು ನಿಲ್ಲುವುದಕ್ಕೆ ಆಧಾರವೇನು? ಈ ನಾಲ್ಕಕ್ಕೆ ಉತ್ತರ ದೊರೆತರೆ ರೇಖೆಯನ್ನು ಗೌರವಿಸಬಹುದು. ದೊರೆಯದಿದ್ದರೆ ಅದನ್ನು ಚಿತ್ರವೆಂದು ನೋಡಿ ಮುಂದೆ ಸಾಗಬಹುದು. ಇವನ್ನು ಕೇಳಲು ಗಣಿತದ ಪಾಂಡಿತ್ಯವು ಬೇಡ. ಪಾಠವನ್ನು ಪ್ರಮಾಣದೊಡನೆ ಒರೆಹಚ್ಚುವ ನಮ್ಮ ಹಳೆಯ ಅಭ್ಯಾಸವೇ ಸಾಕು. ಈ ಲೇಖನದ ಲೆಕ್ಕಗಳಲ್ಲಿ ದೋಷಗಳೇನಾದರೂ ಕಂಡುಬಂದಲ್ಲಿ ಬಲ್ಲವರು ತಿಳಿಸಿದರೆ ಉಪಕೃತನಾಗುವೆನು.